ಮುಖ ತಿರುಗಿಸಿದ ಹಲಗೆ

“ಕೆಳಗಿನ ಆ ಒಂದು ಹಲಗೆ ಮುಟ್ಬ್ಯಾಡಿ ಕಣಪ್ಪ. ಅದು ಅಂಗೇ ಇರ್ಲಿ,” ಎಂದರು ಮನೆಯೊಡತಿ ಗುರುಶಾಂತಮ್ಮ.

ಶಿವಶಂಕರ ನಕ್ಕ. ಸಾಲಿಗ್ರಾಮದ ಆ ಹಳೆಯ ಮನೆಯನ್ನು ಕೆಡವುವವರಿದ್ದರು. ಅದರ ಒಳಕೋಣೆಯ ಬಾಗಿಲನ್ನು ಕೊಳ್ಳಲು ಅವನು ಬಂದಿದ್ದ. ಮೈಸೂರು ಬಿಟ್ಟು ಪಿರಿಯಾಪಟ್ಟಣದಲ್ಲಿ ಹಳೆ ಬಾಗಿಲುಗಳ ವ್ಯಾಪಾರ ಹಿಡಿದು ಇನ್ನೂ ವರ್ಷ ತುಂಬಿರಲಿಲ್ಲ. ಆದರೆ ಬಾಗಿಲು ನೋಡಿ ಅದರ ಕಾಲ ಹೇಳುವಷ್ಟು ಕಣ್ಣು ಪಳಗಿತ್ತು. ಒಂದೇ ದಪ್ಪ ಹಲಗೆಗೆ ಹಿತ್ತಾಳೆಯ ಹೂ ಬಡಿದದ್ದಾದರೆ ಬಲು ಹಿಂದಿನದು. ಸಪಾಟಾದ ತೆಳು ಹಲಗೆಯಾದರೆ ಸ್ವಾತಂತ್ರ್ಯ ಬಂದ ಮೇಲಿನದು. ಇದು ನಡುವಿನದು, ಬಂಗಲೆಗಳ ಕಾಲದ್ದು. ತೇಗದ ಚೌಕಟ್ಟಿನೊಳಗೆ ಆರು ಹಲಗೆ, ಪ್ರತಿಯೊಂದರ ನಡು ಉಬ್ಬು, ಅಂಚು ಇಳಿಜಾರು. ಐದರ ಉಬ್ಬು ನಡುಮನೆಯ ಕಡೆಗಿತ್ತು. ಕೆಳಗೆ ಎಡಗಡೆಯದು ಮಾತ್ರ ಬೆನ್ನು ತೋರಿಸಿಕೊಂಡು ಕೂತಿತ್ತು.

“ಆಚಾರಿ ಹಿಂದುಮುಂದಾಗಿ ಕೂರಿಸಿದ್ದಾನೆ ಅಜ್ಜಿ. ಸರಿಮಾಡಿದ್ರೇನೇ ಚೆಂದ.”

“ಆಚಾರಿ ತಪ್ಪಲ್ಲ. ನಮ್ಮ ವಾರಗಿತ್ತಿ ಈ ಕೋಣೆಗೆ ಮಾಟ ಮಾಡ್ಸಿದ್ಲು. ಒಳಗೋದೋರು ಹೋದಂಗೆ ಈಚೆಗೆ ಬತ್ತಿರ್ನಿಲ್ಲ. ಹಲಗೆ ಮಗುಚಿ ಕಟ್ಟಾಕಿರೋದು.”

ಹೇಳುತ್ತಲೇ ಕಾಫಿಯ ಲೋಟ ಮುಂದೆ ಚಾಚಿದರು. ಎಡಗೈಯಲ್ಲಿ. ಅವರ ಸೀರೆಯಿಂದ ವಿಭೂತಿಯ ವಾಸನೆ ಬರುತ್ತಿತ್ತು.

“ಎಡಗೈಲಿ ಕೊಡ್ತೀರಲ್ಲ ಅಜ್ಜಿ?”

“ನಂಗೀಗ ಇದೇ ಬಲಗೈ.”

ಬೆಲೆ ಏರಿಸುವ ಉಪಾಯ ಎಂದುಕೊಂಡ ಶಿವಶಂಕರ. ಬಾಗಿಲು ಹೇರಿಕೊಂಡು ಹೊರಟಾಗ ಆಕೆ ಜಗಲಿಯಲ್ಲಿ ನಿಂತು ಅವನನ್ನಲ್ಲ, ಆ ಹಲಗೆಯನ್ನೇ ನೋಡುತ್ತಿದ್ದರು.

ಬಾಗಿಲು ಮಾರಲು ಮನಸ್ಸಾಗದೆ ತನ್ನ ಮನೆಯ ಮಲಗುವ ಕೋಣೆಗೇ ಕೂರಿಸಿದ. ಹಲಗೆಯನ್ನು ಹಿಡಿದಿದ್ದ ಪಟ್ಟಿಗಳನ್ನು ಕೋಣೆಯ ಕಡೆಯಿಂದ ಎಬ್ಬಿಸಿ, ಹಲಗೆ ಈಚೆಗೆಳೆದು, ಮುಖ ತಿರುಗಿಸಿ ಮತ್ತೆ ಕೂರಿಸಿದ. ಹಲಗೆ ಕೂರುವ ತೋಡಿನಿಂದ ಒದ್ದೆ ಬೂದಿಯ ವಾಸನೆ ಬಂತು. ಊರ ಸುತ್ತ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳು ಉರಿಯುತ್ತಿದ್ದ ಕಾಲ. ಅದರದ್ದೇ ಇರಬೇಕು ಎಂದುಕೊಂಡ.

“ಹೆಂಡ್ತಿಗಿಂತ ಬಾಗಿಲಿಗೇ ಜಾಸ್ತಿ ಅಲಂಕಾರ ನಿಮ್ದು,” ಎಂದು ವನಿತಾ ಅಣಕಿಸಿ, ಸೀರೆ ಬದಲಾಯಿಸಲು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸ್ವಲ್ಪ ಹೊತ್ತಿಗೆ ಈಚೆಗೆ ಬಂದಳು. ನಗುತ್ತಲೇ ಇದ್ದಳು.

ಊಟಕ್ಕೆ ಕೂತಾಗ ಶಿವಶಂಕರನಿಗೆ ಏನೋ ಕಸಿವಿಸಿ. ಸಾರು ಅದೇ ರುಚಿ, ಮಾತು ಅದೇ ದನಿ. ಆದರೆ ಸೌಟು ಎಡಗೈಯಲ್ಲಿತ್ತು. ಸೆರಗು ಬಲಭುಜದ ಮೇಲಿತ್ತು. ಎಡ ಮುಂಗೈಯಲ್ಲಿ ಕಂಡ ಕುಕ್ಕರ್ ಸುಟ್ಟ ಕಲೆ ಮೊದಲು ಅವಳ ಬಲ ಮುಂಗೈಯಲ್ಲಿತ್ತಲ್ಲವೆ? ಮೊಬೈಲಿನಲ್ಲಿ ಮದುವೆಯ ಫೋಟೊ ತೆಗೆದು ನೋಡಿದ. ಫೋಟೊದಲ್ಲಿ ಮೂಗುಬೊಟ್ಟು ಎಡಕ್ಕೆ. ಎದುರಿಗೆ ಕೂತವಳಿಗೆ ಬಲಕ್ಕೆ.

“ಯಾಕ್ರೀ ಅಂಗೆ ನೋಡ್ತೀರಾ?” ಎಂದಳು ಅವಳು, ಮೆತ್ತಗೆ.

ಹಿತ್ತಲಿಗೆ ಹೋಗಿ ಗುರುಶಾಂತಮ್ಮನಿಗೆ ಫೋನ್ ಮಾಡಿದ.

“ಮಗುಚಿದ್ರಾ?” ಎಂದರು ಆಕೆ, ಅವನು ಬಾಯಿ ತೆರೆಯುವ ಮೊದಲೇ.

“ನಮ್ಮ ವನಿತಾ ಎಲ್ಲಿ ಅಜ್ಜಿ?”

“ಬಾಗ್ಲ ಆ ಕಡೆಗೆ ಸಿಕ್ಕಾಕೊಂಡವ್ಳೆ. ಬಾಗ್ಲು ಕಿತ್ತಾಕ್ಬ್ಯಾಡಿ, ಅಲ್ಲೇ ಉಳ್ಕೊಬುಡ್ತಾಳೆ. ಒಳಗೋಗಿ, ಬಾಗ್ಲಾಕೊಂಡು, ಹಲಗೆ ಮೊದ್ಲಿನಂಗೆ ಮಾಡಿದ್ರೆ ಈಚೆಗೆ ಬತ್ತಾಳೆ, ಈಗಿರೋಳು ಇಲ್ದಂಗಾಯ್ತಾಳೆ.”

“ಮಾಡಿದೋರ ಗತಿ?”

“ನನ್ ಮಗಳಿಗೋಸ್ಕರ ನಾನು ಒಳಗೋದೆ. ಈಚೆಗೆ ಬಂದಿದ್ದು ನಾನೇನಾ ಅಂತ ಅವಳಿಗೆ ಇವತ್ಗೂ ಅನ್ಮಾನ. ನಂಗೂ ಅಷ್ಟೆ ಕಣಪ್ಪ.”

ಬೇಗ ಮಾಡಿದರೆ ಬೇಗ ಹೊರಗೆ ಬರಬಹುದು ಎಂದು ತನಗೆ ತಾನೇ ಹೇಳಿಕೊಂಡ. ಉಳಿ, ಸುತ್ತಿಗೆ ಹಿಡಿದು ಕೋಣೆಗೆ ಹೋದ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಡೆಯಲಿಲ್ಲ.

ಕದ ಹಾಕಿದ. ದೀಪ ಉರಿಯುತ್ತಲೇ ಇತ್ತು, ಬೆಳಕು ಮಾತ್ರ ನೆಲ ಮುಟ್ಟಲಿಲ್ಲ. ಒದ್ದೆ ಬೂದಿಯ ವಾಸನೆ ಗಂಟಲಿಗಿಳಿಯಿತು. ಮರದೊಳಗಿಂದ ಬಡಿತ ಕೇಳಿತು. ಉಗುರಿನ ಬಡಿತ.

“ರೀ...” ವನಿತಾಳ ದನಿ. ಮೊಣಕಾಲಿನಷ್ಟು ಎತ್ತರದಿಂದ. “ಇಲ್ಲಿ ಕತ್ಲೆ.”

ಮೊದಲ ಪಟ್ಟಿ ಎದ್ದಿತು. ಎರಡನೆಯದು. ಉಳಿ ಜಾರಿತು. ಬೆರಳು ಕುಯ್ದಿತು. ನಿಲ್ಲಿಸಲಿಲ್ಲ. ಹಲಗೆ ಎಳೆದ. ಹಿಂದೆ ನಡುಮನೆ ಕಾಣಬೇಕಿತ್ತು. ಕಪ್ಪು ಕಂಡಿತು. ಕಪ್ಪಿನಿಂದ ತಣ್ಣನೆಯ ಕೈಯೊಂದು ಅವನ ಮುಂಗೈ ಸವರಿಕೊಂಡು ಹೋಯಿತು. ಅದರ ಮೇಲೆ ಕುಕ್ಕರ್ ಸುಟ್ಟ ಕಲೆ. ಬಲಗೈ. ಅವಳದೇ. ಹಲಗೆ ಮಗುಚಿದ. ತೋಡಿಗೆ ಒತ್ತಿದ. ಪಟ್ಟಿ ಬಡಿದ.

ಎಲ್ಲ ಸದ್ದೂ ನಿಂತಿತು.

ಚಿಲಕಕ್ಕೆ ಕೈ ಹಾಕಿದ. ಚಿಲಕವಿದ್ದ ಕಡೆ ಬರೀ ಮರ. ತಡವಿದ. ಸಂದಿಲ್ಲ. ಕೀಲಿಲ್ಲ. ಚೌಕಟ್ಟೂ ಇಲ್ಲ. ಬೆನ್ನ ಹಿಂದೆ ಯಾರೋ ಉಸಿರಾಡಿದರು. ವಿಭೂತಿಯ ವಾಸನೆ. ಮುದಿ ಬಲಗೈಯೊಂದು ಅವನ ಭುಜದ ಮೇಲೆ, ಸಮಾಧಾನ ಹೇಳುವಂತೆ, ಕೂತಿತು.

ಆಚೆ ಕಡೆಯಿಂದ ವನಿತಾಳ ಅಳು ಕೇಳಿತು. ಬೆಳಕಿಗೆ ಬಂದವಳ ಅಳು. ಅವನ ಎದೆ ಹಗುರಾಯಿತು. ಆಮೇಲೆ ಇನ್ನೊಂದು ದನಿ ಕೇಳಿತು. ಅವನದೇ ದನಿ.

“ಮುಗೀತು ಬುಡು ಕಣೆ. ಕಾಫಿ ಮಾಡಿಕೊಡು.”

ಕೂಗಲು ಬಾಯಿ ತೆರೆದ ಶಿವಶಂಕರ, ಹಾಗೇ ತುಟಿ ಕಚ್ಚಿಕೊಂಡ. ಇವಳಿಗೆ ಗೊತ್ತಾದರೆ ಗುರುಶಾಂತಮ್ಮನನ್ನು ಕೇಳುತ್ತಾಳೆ. ಕೇಳಿದರೆ ಒಳಗೆ ಬರುತ್ತಾಳೆ. ಬಡಿಯಲೆತ್ತಿದ ಮುಷ್ಟಿಯನ್ನು ಇಳಿಸಿದ. ಉಸಿರು ಬಿಗಿಹಿಡಿದ. ಗಮನಿಸದಿರಲಿ. ಇವಳು ಗಮನಿಸದಿರಲಿ.

ಲೋಟ ಕೆಳಗಿಟ್ಟ ಸದ್ದಾಯಿತು. ಆಮೇಲೆ ವನಿತಾ ನಿಧಾನವಾಗಿ ಕೇಳಿದಳು.

“ಅಲ್ಲ ರೀ, ವಾಚು ಯಾವಾಗ ಬಲಗೈಗೆ ಕಟ್ಕೊಂಡ್ರಿ?”