ಹತ್ತನೇ ತಾರೀಖಿನ ಸುಳ್ಳು

ಗಂಗಲಕ್ಷ್ಮಮ್ಮ ಮಧುಗಿರಿ ಠಾಣೆಗೆ ಬಂದಾಗ ಅವಳ ಕಂಕುಳಲ್ಲಿ ತಪ್ಪಲೆಯ ಮುಚ್ಚಳವೊಂದಿತ್ತು. ಮುನ್ನೂರು ಜನಕ್ಕೆ ಸಾರು ಮಾಡುವ ತಪ್ಪಲೆಯದು. ಅದನ್ನು ತಂದವಳೇ ಹೆಡ್ ಕಾನ್‌ಸ್ಟೆಬಲ್ ನಜ್ಮುನ್ನೀಸಾಳ ಮೇಜಿನ ಮೇಲೆ ದಬ್ಬೆಂದು ಇಟ್ಟಳು. ಟೀ ಲೋಟ ಉರುಳಿತು.

"ಇದನ್ನ ಕದ್ದವ್ರೆ," ಅಂದಳು.

"ಮುಚ್ಚಳ ಇಲ್ಲೇ ಇದೆಯಲ್ಲಮ್ಮ?"

"ಮುಚ್ಚಳ ಅಲ್ಲ ಕಣಮ್ಮ. ಅದರ ಮ್ಯಾಲೆ ಏನು ಕೆತ್ತೈತೆ ನೋಡು."

ನಜ್ಮುನ್ನೀಸಾ ಬಗ್ಗಿ ನೋಡಿದಳು. 'ಪುರವರ ಗಂಗಲಕ್ಷ್ಮಮ್ಮ, ಅಡುಗೆ.' ಅದರ ಕೆಳಗೆ ಒಂದು ಮೊಬೈಲ್ ನಂಬರು.

ಹದಿನಾಲ್ಕು ವರ್ಷದಿಂದ ಅದೇ ನಂಬರು. ಅವಳ ಅರವತ್ತೆರಡು ಪಾತ್ರೆಗಳ ಮೇಲೂ ಅದನ್ನೇ ಕೆತ್ತಿಸಿದ್ದಳು. ಪುರವರದಿಂದ ಕೊರಟಗೆರೆವರೆಗೆ ಯಾರ ಮನೆಯಲ್ಲಿ ಮದುವೆಯಾದರೂ ಊಟ ಮಾಡಿದವರು ಹಂಡೆ ನೋಡಿ ನಂಬರ್ ಬರೆದುಕೊಂಡು ಹೋಗುತ್ತಿದ್ದರು. ಬೋರ್ಡಿಲ್ಲ, ಅಂಗಡಿಯಿಲ್ಲ. ಅವಳ ಅನ್ನವೆಲ್ಲ ಆ ಹತ್ತು ಅಂಕಿಯಲ್ಲಿತ್ತು.

ಸೋಮವಾರ ಆ ನಂಬರು ಸತ್ತಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಗರುಡ ಮೊಬೈಲ್ ಕಂಪನಿಯ ಅಂಗಡಿಗೆ ಹೋಗಿ ಕೇಳಿದರೆ, "ನೀವು ಪೋಸ್ಟ್‌ಪೇಯ್ಡ್‌ಗೆ ಅಪ್‌ಗ್ರೇಡ್ ಆಗಿದೀರ. ಎರಡು ವರ್ಷದ ಕಾಂಟ್ರಾಕ್ಟ್ ಮೇಲೆ ದೊಡ್ಡ ಫೋನ್ ತಗೊಂಡಿದೀರ. ಎರಡು ಬಿಲ್ ಬಾಕಿ. ಬರೋ ಸೋಮವಾರದೊಳಗೆ ಕಟ್ಟದಿದ್ರೆ ನಂಬರ್ ಬೇರೆಯವರಿಗೆ ಹೋಗುತ್ತೆ," ಅಂದಿದ್ದರು.

"ದೊಡ್ಡ ಫೋನು ಹೆಂಗಿರ್ತದೆ ಅಂತ್ಲೇ ನಂಗೊತ್ತಿಲ್ಲ," ಅನ್ನುತ್ತಾ ಗಂಗಲಕ್ಷ್ಮಮ್ಮ ಸೊಂಟದಿಂದ ಬಟನ್ ಫೋನ್ ತೆಗೆದು ತೋರಿಸಿದಳು. "ಕಟ್ಟಿ ಕೈ ತೊಳ್ಕೊ ಅತ್ತೆ ಅಂತವಳೆ ನನ್ನ ಸೊಸೆ ಪ್ರಿಯಾಂಕ. ಒಂದು ಪೈಸೆ ಕಟ್ಟಾಕಿಲ್ಲ. ಮಾಡದೇ ಇರೋ ತಪ್ಪಿಗೆ ಯಾಕೆ ಕಟ್ಟನ?"

ಸಬ್ ಇನ್‌ಸ್ಪೆಕ್ಟರ್ ರುದ್ರಮುನಿ ಒಳಗಿಂದಲೇ ಕೂಗಿದರು. "ನಜ್ಮಾ ಅವರೇ, ಅದು ಗ್ರಾಹಕರ ಕೋರ್ಟಿನ ವಿಷಯ. ಕಳಿಸಿಬಿಡಿ."

"ಸರ್, ಇವರು ಒಪ್ಪದೇ ಇದ್ದದ್ದಕ್ಕೆ ಇವರ ಒಪ್ಪಿಗೆ ಇದೆ ಅಂತಾರೆ. ಅದನ್ನ ಮೋಸ ಅನ್ನದೆ ಇನ್ನೇನನ್ಬೇಕು?"

ನಜ್ಮುನ್ನೀಸಾಗೂ ಹೊಟ್ಟೆಯುರಿ ಇತ್ತೆನ್ನಿ. ಕೇಳದೇ ಇದ್ದರೂ ಗರುಡದವರು ಅವಳ ಫೋನಿಗೆ ಕಾಲರ್ ಟ್ಯೂನ್ ಹಾಕಿ ನಾಲ್ಕು ತಿಂಗಳು ದುಡ್ಡು ಮುರಿದುಕೊಂಡಿದ್ದರು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ 'ಒಂದನ್ನು ಒತ್ತಿ, ಎರಡನ್ನು ಒತ್ತಿ' ಅಂತ ಅರ್ಧ ಗಂಟೆ ಕುಣಿಸಿದ್ದರು. ಆ ಸಿಟ್ಟು ಇನ್ನೂ ಆರಿರಲಿಲ್ಲ.

"ಸೋಮವಾರದವರೆಗೆ ಟೈಮು," ಅಂದರು ರುದ್ರಮುನಿ. ಅವತ್ತು ಗುರುವಾರ, ಫೆಬ್ರವರಿ ಹನ್ನೆರಡು.

* * *

ಗರುಡ ಅಂಗಡಿಯಲ್ಲಿ ಎಸಿ ಜೋರಾಗಿತ್ತು. ಮ್ಯಾನೇಜರ್ ಚೇತನ್ ಕುಮಾರ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಎದ್ದು ನಿಂತ. ಚಾಕಲೇಟ್ ಕೊಟ್ಟ. ನಜ್ಮುನ್ನೀಸಾ ಮುಟ್ಟಲಿಲ್ಲ.

"ಅರ್ಜಿ ತೋರಿಸಿ."

ತೋರಿಸಿದ. ಗಂಗಲಕ್ಷ್ಮಮ್ಮನ ಹೆಬ್ಬೆರಳು ಮೆಷಿನ್ ಮೇಲೆ ಬಿದ್ದ ದಾಖಲೆ ಇತ್ತು. ಕೆಳಗೆ ನೀಲಿ ಬಣ್ಣದ ಸೀಲು: ಬಸವೇಶ್ ಮೊಬೈಲ್ಸ್, ಪುರವರ.

"ಬಸವೇಶ್ ನಮ್ಮ ಏಜೆಂಟ್, ಮೇಡಂ. ಅವರು ಕಳಿಸಿದ್ದನ್ನ ನಾವು ಹಾಕಿದ್ದೀವಿ. ನಾವಂತೂ ಪುರವರಕ್ಕೆ ಕಾಲೂ ಇಟ್ಟಿಲ್ಲ."

"ಗಂಗಮ್ಮ ಹೇಳೋ ಪ್ರಕಾರ ಡಿಸೆಂಬರ್‌ನಲ್ಲಿ ಯಾರೋ ಅಲ್ಲಿ ಕೊಡೆ ಹಾಕ್ಕೊಂಡು ಕೂತಿದ್ದರಂತೆ. ಸಿಮ್ ಅಪ್‌ಗ್ರೇಡ್ ಪುಕ್ಕಟೆ, ಸಿಗ್ನಲ್ ಚೆನ್ನಾಗಿ ಸಿಗುತ್ತೆ ಅಂತ ಹೆಬ್ಬೆಟ್ಟು ಒತ್ತಿಸಿಕೊಂಡರಂತೆ. ಮೊದಲನೇದು ಸರಿ ಬೀಳಲಿಲ್ಲ ಅಂತ ಎರಡೆರಡು ಸಲ."

"ಎಲ್ಲಿ ಹಾಕಿದ್ರು ಮೇಡಂ ಕೊಡೆ? ಬಸವೇಶ್ ಅಂಗಡಿ ಮುಂದೆ ತಾನೇ?" ಚೇತನ್ ನಿಟ್ಟುಸಿರಿಟ್ಟ. ಡ್ರಾಯರಿನಿಂದ ಒಂದು ನೋಟ್‌ಬುಕ್ ತೆಗೆದ. "ಹೇಳಬಾರದು ಅಂತಿದ್ದೆ. ಇದು ಅವರ ರೀಚಾರ್ಜ್ ಪುಸ್ತಕ. ಹೋದ ತಿಂಗಳು ಲೆಕ್ಕಕ್ಕೆ ಕೊಟ್ಟು ಹೋಗಿದ್ರು. ಈ ಅಮ್ಮನ ರೀಚಾರ್ಜ್ ವರ್ಷವೆಲ್ಲ ಅವರ ಕೈಯಲ್ಲೇ ಇತ್ತು, ನೋಡಿ."

ಗಂಗಲಕ್ಷ್ಮಮ್ಮನ ಹೆಸರಿನಲ್ಲಿ ಹೋದ ವರ್ಷದ ಒಂದು ಪುಟ. ಜನವರಿ ಹತ್ತು, 28 ದಿನದ ಪ್ಲಾನ್. ಫೆಬ್ರವರಿ ಹತ್ತು, 28 ದಿನದ ಪ್ಲಾನ್. ಹೀಗೆ ಡಿಸೆಂಬರ್ ಹತ್ತರವರೆಗೆ ಹನ್ನೆರಡು ಸಾಲು. ಕೊನೆಗೆ 'ಪೋಸ್ಟ್‌ಪೇಯ್ಡ್ ಕೇಳಿದ್ದಾರೆ' ಅಂತ ಬರೆದು ಅದೇ ಸೀಲು ಹೊಡೆದಿತ್ತು.

ನಜ್ಮುನ್ನೀಸಾ ಪುಸ್ತಕವನ್ನು ವಶಕ್ಕೆ ತೆಗೆದುಕೊಂಡಳು. ಏನೋ ಒಂದು ಕೊರೆಯುತ್ತಿತ್ತು. ಏನು ಅಂತ ಗೊತ್ತಾಗಲಿಲ್ಲ.

* * *

ಶುಕ್ರವಾರ ಪುರವರದಲ್ಲಿ ಮೊದಲು ಸಿಕ್ಕವನು ವೀರಭದ್ರಯ್ಯ. ಅವನೂ ಅಡುಗೆಯವನೇ. ಗಂಗಲಕ್ಷ್ಮಮ್ಮನಿಗೆ ಬರಬೇಕಿದ್ದ ಕೊರಟಗೆರೆ ಮದುವೆ ಇವನ ಪಾಲಾಗಿತ್ತು. ಅವಳ ನಂಬರ್ ಸತ್ತರೆ ಇವನಿಗೆ ಲಾಭ. ಅದು ಇಡೀ ಊರಿಗೇ ಗೊತ್ತಿದ್ದ ವಿಷಯ.

"ನಿಮ್ಮ ನಂಬರ್ ಕೊಡಿ," ಅಂದಳು ನಜ್ಮುನ್ನೀಸಾ.

"ಕೊಟ್ಟು ಏನ್ ಮಾಡೀರಿ? ನಂದೂ ಸತ್ತೋಗೈತೆ ಮೇಡಂ!"

"ಏನಂದ್ರಿ?"

"ಬುಧವಾರದಿಂದ. ಅದೇ ಗರುಡ, ಅದೇ ದೊಡ್ಡ ಫೋನು, ಅದೇ ಬಿಲ್ಲು. ಕೊರಟಗೆರೆಯೋರು ಅಡುಗೆಯೋರ್ನ ಹುಡುಕ್ಕೊಂಡು ಮನೆ ಬಾಗಿಲಿಗೇ ಬಂದ್ರು, ಒಪ್ಕೊಂಡೆ. ಗಂಗಕ್ಕನ ಹತ್ರ ಮುದ್ದೆ ಕಟ್ಟೋದು ಕಲ್ತೋನು ನಾನು. ಅವಳ ಹೊಟ್ಟೆ ಮ್ಯಾಲೆ ಹೊಡೀತೀನಾ?" ಅವನು ಓಣಿಯ ಉದ್ದಕ್ಕೂ ಕೈ ತೋರಿಸಿದ. "ಈ ಓಣಿಯಲ್ಲೇ ಹತ್ತೊಂಬತ್ತು ಜನದ್ದು ಹಿಂಗಾಗೈತೆ. ನಾಚ್ಕೊಂಡು ಯಾರೂ ಬಾಯಿ ಬುಡ್ತಿಲ್ಲ."

ಬಸವೇಶ್‌ನ ಅಂಗಡಿ ಎದುರಿಗೇ ಇತ್ತು. ಪುಸ್ತಕದಲ್ಲಿದ್ದ ಸೀಲು ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಸೀಲು ನಂದೇ ಮೇಡಂ, ಪುಸ್ತಕ ನಂದಲ್ಲ. ಆದ್ರೆ ಎರಡು ವರ್ಷದ ಹಿಂದೆ ಏಜೆನ್ಸಿ ಬಿಟ್ಟಾಗ ಗರುಡದೋರು ಅವರ ಅಂಗಡಿಯಲ್ಲೇ ಸೀಲ್ ಇಸ್ಕೊಂಡ್ರು. ಈಗ ನಾನು ಬರೀ ರೀಚಾರ್ಜ್ ಮಾಡೋನು."

"ಕೊಡೆ?"

"ನೆರಳು ಚೆನ್ನಾಗೈತೆ ಅಂತ ನನ್ನ ಅಂಗಡಿ ಮುಂದೆ ಹಾಕ್ಕೊಂಡ್ರು. ಕಂಪನಿಯೋರು ಅಂದ್ಕೊಂಡೆ. ಜನವರೀಲಿ ಗಂಗಕ್ಕಂಗೆ ರೀಚಾರ್ಜ್ ಮಾಡೋಕೆ ಹೋದ್ರೆ ಆಗ್ಲಿಲ್ಲ. ಫೋನ್ ನಡೀತಾ ಇತ್ತು. ಸರ್ವರ್ ಪ್ರಾಬ್ಲಮ್ಮು, ಆಮ್ಯಾಕೆ ನೋಡನ ಅಂತ ಬುಟ್ಬುಟ್ಟೆ."

"ಸೀಲ್ ವಾಪಸ್ ಕೊಟ್ಟಿದ್ದಕ್ಕೆ ರಸೀದಿ?"

ಇರಲಿಲ್ಲ. ಓಣಿಯಲ್ಲಿ ಆಗಲೇ ಜನ ಸೇರಿದ್ದರು. "ಇವನೇ ಕಣ್ಲಾ ಮನೆಹಾಳ!" ಅಂತ ಯಾರೋ ಕೂಗಿದರು. ಬಸವೇಶ್ ತಲೆ ತಗ್ಗಿಸಿದ. ನಜ್ಮುನ್ನೀಸಾಗೆ ಅವನನ್ನು ನಂಬಬೇಕು ಅನ್ನಿಸಿತು. ಆದರೆ ಪೊಲೀಸ್ ಕೆಲಸ ಅನ್ನಿಸಿದ್ದರ ಮೇಲೆ ನಡೆಯುವುದಿಲ್ಲವಲ್ಲ.

* * *

ಶನಿವಾರ ಬೆಳಿಗ್ಗೆ ನಜ್ಮುನ್ನೀಸಾ ಮನೆಯಲ್ಲಿ ಪಲ್ಯಕ್ಕೆ ತರಕಾರಿ ಹೆಚ್ಚುತ್ತಿದ್ದಾಗ ಫೋನ್ ಟಿಂಗ್ ಅಂದಿತು. 'ಪ್ರಿಯ ಗ್ರಾಹಕರೇ, ನಿಮ್ಮ ಪ್ಲಾನ್ ಇಂದು ಮುಗಿಯುತ್ತದೆ.'

"ಅರೇ! ಮೊನ್ನೆ ತಾನೇ ಹಾಕಿಸಿದ್ನಲ್ಲ!" ಅಂತ ಗೊಣಗಿದಳು. ಹೋದ ಸಲ ಜನವರಿ ಹದಿನೇಳು. ಅದಕ್ಕೆ ಹಿಂದೆ ಡಿಸೆಂಬರ್ ಇಪ್ಪತ್ತು. ಈಗ ಹದಿನಾಲ್ಕಕ್ಕೇ ಬಂದು ಕೂತಿದ್ದಾನೆ. ತಿಂಗಳು ಅಂತ ಹೇಳಿ ಇಪ್ಪತ್ತೆಂಟು ದಿನ ಕೊಡುವ ಕಳ್ಳರು!

ಚಾಕು ಅಲ್ಲೇ ನಿಂತಿತು.

ಅವಳು ಕೈ ಒರೆಸಿಕೊಂಡು ಎದ್ದಳು. ನೋಟ್‌ಬುಕ್ಕಿನ ಆ ಪುಟವನ್ನು ಇನ್ನೊಮ್ಮೆ ಓದಿದಳು. ಜೋರಾಗಿ ನಕ್ಕಳು. ಆಮೇಲೆ ಸ್ಕೂಟರ್ ಹತ್ತಿ ನೇರ ಪುರವರಕ್ಕೆ ಹೋದಳು.

"ಗಂಗಮ್ಮ, ನೀವು ಯಾವ ತಾರೀಖು ರೀಚಾರ್ಜ್ ಮಾಡಿಸ್ತಿದ್ರಿ?"

"ತಾರೀಖು ಯಾರು ಇಟ್ಕೋತಾರೆ ಕಣಮ್ಮ? ನಂದು ಸೋಮವಾರದ್ದು. ಮರೆತು ಹೋಗದೇ ಇರ್ಲಿ ಅಂತ ಗುರುತು ಹಾಕ್ತೀನಿ."

ಒಲೆಯ ಪಕ್ಕದ ಗೋಡೆಯಲ್ಲಿ ಹೊಸ ಕ್ಯಾಲೆಂಡರ್ ಇತ್ತು. ಅದರ ಹಿಂದೆ ಹೋದ ವರ್ಷದ್ದು ಇನ್ನೂ ನೇತಾಡುತ್ತಿತ್ತು. ಅದರ ತುಂಬ ಕುಂಕುಮದ ಬೊಟ್ಟುಗಳು. ನಜ್ಮುನ್ನೀಸಾ ಒಂದೊಂದೇ ಹಾಳೆ ತಿರುವಿ ಎಣಿಸಿದಳು. ಎಣಿಸಿ ಮುಗಿಸಿ, "ಇದನ್ನ ಎರಡು ದಿನ ನಂಗೆ ಕೊಡಿ," ಅಂದಳು.

* * *

ಸೋಮವಾರ ಹತ್ತೂವರೆಗೆ ಗರುಡ ಅಂಗಡಿಯ ಗಾಜಿನ ಬಾಗಿಲು ತೆರೆಯಿತು. ಮುಂದೆ ರುದ್ರಮುನಿ ಮತ್ತು ನಜ್ಮುನ್ನೀಸಾ. ಹಿಂದೆ ಮುಚ್ಚಳ ಹಿಡಿದ ಗಂಗಲಕ್ಷ್ಮಮ್ಮ, ವೀರಭದ್ರಯ್ಯ, ಬಸವೇಶ್. ಅವರ ಹಿಂದೆ ಅರ್ಧ ಪುರವರ.

"ಬನ್ನಿ ಸರ್. ಬಸವೇಶನ್ನ ಕರ್ಕೊಂಡೇ ಬಂದ್ರಾ? ಒಳ್ಳೇದಾಯ್ತು," ಅಂದ ಚೇತನ್.

"ಅದಿರಲಿ," ಅಂದಳು ನಜ್ಮುನ್ನೀಸಾ. "ನಿಮ್ಮ ಸ್ವಂತ ಫೋನಿಗೆ ಕೊನೇ ಸಲ ರೀಚಾರ್ಜ್ ಮಾಡಿಸಿದ್ದು ಯಾವಾಗ?"

"ನಮ್ಮದು ಸ್ಟಾಫ್ ನಂಬರ್ ಮೇಡಂ. ಕಾಲೇಜು ಮುಗಿದಾಗಿನಿಂದ ಕಂಪನಿಯೇ ಕಟ್ಟುತ್ತೆ."

"ಗೊತ್ತಿತ್ತು. ಅದಕ್ಕೇ ಸಿಕ್ಕಿಬಿದ್ರಿ."

ಅವಳು ನೋಟ್‌ಬುಕ್ ತೆರೆದಳು. "ಹನ್ನೆರಡು ತಿಂಗಳು, ಹನ್ನೆರಡು ರೀಚಾರ್ಜ್, ಎಲ್ಲವೂ ಹತ್ತನೇ ತಾರೀಖು. ಪ್ಲಾನ್ ಮಾತ್ರ ಇಪ್ಪತ್ತೆಂಟು ದಿನದ್ದು. ಜೇಬಿನಿಂದ ದುಡ್ಡು ಕೊಟ್ಟು ರೀಚಾರ್ಜ್ ಮಾಡಿಸೋ ಯಾರೂ ಹೀಗೆ ಬರೆಯಲ್ಲ ಚೇತನ್ ಅವರೇ. ಇಪ್ಪತ್ತೆಂಟು ದಿನ ಅಂದ್ರೆ ನಾಲ್ಕು ವಾರ. ತಾರೀಖು ಹಿಂದಕ್ಕೆ ಹಿಂದಕ್ಕೆ ಬರುತ್ತೆ, ವಾರ ಮಾತ್ರ ಬದಲಾಗಲ್ಲ. ದಿನಕ್ಕೆ ಐವತ್ತು ರೀಚಾರ್ಜ್ ಮಾಡೋ ಬಸವೇಶ್‌ಗೆ ಇದು ಗೊತ್ತಿಲ್ವಾ? ಈ ಅಂಗಡಿಯಲ್ಲಿ ಅದು ಗೊತ್ತಿಲ್ಲದೇ ಇರೋರು ನೀವೊಬ್ಬರೇ."

"ಅವರು... ಎರಡು ದಿನ ಬಿಟ್ಟು ಹಾಕಿಸಿರಬಹುದು."

"ಎರಡು ದಿನ ಫೋನ್ ಸತ್ರೆ ನಂಗೆ ಎರಡು ಮದುವೆ ಹೋಯ್ತದೆ ಕಣಪ್ಪ!" ಗಂಗಲಕ್ಷ್ಮಮ್ಮ ಗುಡುಗಿದಳು.

ನಜ್ಮುನ್ನೀಸಾ ಕ್ಯಾಲೆಂಡರನ್ನು ಕೌಂಟರ್ ಮೇಲೆ ಹರಡಿದಳು. "ಜನವರಿ ಹದಿಮೂರು. ಫೆಬ್ರವರಿ, ಮಾರ್ಚ್ ಎರಡರಲ್ಲೂ ಹತ್ತು. ಏಪ್ರಿಲ್‌ಗೆ ಏಳು, ಮೇಗೆ ಐದು. ಜೂನ್‌ನಲ್ಲಿ ಎರಡು ಬೊಟ್ಟು, ಎರಡಕ್ಕೊಂದು ಮೂವತ್ತಕ್ಕೊಂದು. ಕೊನೇದು ಡಿಸೆಂಬರ್ ಹದಿನೈದು. ಒಟ್ಟು ಹದಿಮೂರು, ಎಲ್ಲವೂ ಸೋಮವಾರ. ನಿಮ್ಮ ಕಂಪನಿಯ ಕಂಪ್ಯೂಟರಿನಿಂದ ನೇರವಾಗಿ ತರಿಸಿದ ಪಟ್ಟಿಯೂ ಇದನ್ನೇ ಹೇಳುತ್ತೆ. ಹನ್ನೆರಡು ತಿಂಗಳಿಗೆ ಹದಿಮೂರು ಸಲ ವಸೂಲಿ ಮಾಡ್ತೀರಿ. ಮಾಡೋದು ನಿಮಗೇ ಮರೆತು ಹೋಗಿದೆ."

ಹಿಂದೆ ನಿಂತವರು ಹೋ ಅಂದರು.

ರುದ್ರಮುನಿ ಕೌಂಟರ್ ದಾಟಿ ಒಳಗೆ ಹೋಗಿ ಡ್ರಾಯರ್ ಎಳೆದರು. ಕೆಳಗಿನ ಡ್ರಾಯರಿನಲ್ಲಿ ರಬ್ಬರ್ ಸೀಲು ಸಿಕ್ಕಿತು: ಬಸವೇಶ್ ಮೊಬೈಲ್ಸ್, ಪುರವರ. ಪಕ್ಕದಲ್ಲಿ ನೀಲಿ ಇಂಕ್ ಪ್ಯಾಡ್ ಇನ್ನೂ ಒದ್ದೆಯಿತ್ತು.

ಚೇತನ್ ಕುರ್ಚಿಯಲ್ಲಿ ಕುಸಿದ. "ತಿಂಗಳಿಗೆ ನಲವತ್ತು ಅಪ್‌ಗ್ರೇಡ್ ಟಾರ್ಗೆಟ್ ಸರ್. ಆಗದಿದ್ರೆ ಕೆಲಸ ಹೋಗುತ್ತೆ. ಕೊಡೆಗೆ ಜನ ಕಳಿಸಿದ್ದು ನಾನೇ. ಎರಡನೇ ಹೆಬ್ಬೆಟ್ಟು ಕಾಂಟ್ರಾಕ್ಟಿಗೆ. ವಯಸ್ಸಾದವರು, ಬೈದುಕೊಂಡು ಕಟ್ಟಿಬಿಡ್ತಾರೆ ಅಂದ್ಕೊಂಡೆ."

"ಫೋನುಗಳು?"

"ತುಮಕೂರಲ್ಲಿ ಮಾರಿದೆ."

ಬಸವೇಶ್ ಕಣ್ಣೊರೆಸಿಕೊಂಡ. ಮನೆಹಾಳ ಅಂತ ಕೂಗಿದವನೇ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

ಪೊಲೀಸರು ಪಟ್ಟಿ ಕೇಳಿದಾಗಲೇ ವಿಷಯ ತಿಳಿದಿದ್ದ ಬೆಂಗಳೂರಿನ ಹೆಡ್ ಆಫೀಸಿನಿಂದ ಅಷ್ಟರಲ್ಲಿ ಅಂಗಡಿಗೆ ಫೋನ್ ಬಂತು. ನಜ್ಮುನ್ನೀಸಾ ಸ್ಪೀಕರ್ ಹಾಕಿದಳು. ಆ ಕಡೆಯ ಧ್ವನಿ ಬೆಣ್ಣೆಯಷ್ಟು ಮೆತ್ತಗಿತ್ತು. ಹತ್ತೊಂಬತ್ತು ಬಿಲ್ಲೂ ರದ್ದು, ನಂಬರುಗಳು ಈ ಕ್ಷಣದಿಂದ ಚಾಲೂ, ವಿಷಯ ದೊಡ್ಡದು ಮಾಡದಿದ್ದರೆ ಎಲ್ಲರಿಗೂ ಒಂದು ವರ್ಷ ಪುಕ್ಕಟೆ ಪ್ಲಾನ್.

ಎಲ್ಲರೂ ಗಂಗಲಕ್ಷ್ಮಮ್ಮನ ಕಡೆ ನೋಡಿದರು. ಅವಳ ಸೊಂಟದಲ್ಲಿ ಬಟನ್ ಫೋನು ಹೊಡೆದುಕೊಳ್ಳತೊಡಗಿತು. ಏಳು ದಿನದ ಮೇಲೆ ಮೊದಲನೇ ಸಲ. ಅವಳು ಅದನ್ನು ತೆಗೆದು ನೋಡಿ ಎದೆಗೊತ್ತಿಕೊಂಡಳು. ಆಮೇಲೆ ಕಿವಿಗಿಟ್ಟುಕೊಂಡು, "ನಾನೇ ಕಣವ್ವ, ಬದುಕಿದ್ದೀನಿ. ಒಂದು ಗಳಿಗೆ ತಾಳು," ಅಂದು ಇಟ್ಟಳು.

"ಪುಕ್ಕಟೆ ಅಂತ ಹೆಬ್ಬೆಟ್ಟು ಒತ್ತಿದ್ದಕ್ಕೇ ಇಷ್ಟೆಲ್ಲ ಆಗಿದ್ದು ಸ್ವಾಮಿ," ಅಂದಳು ಸ್ಪೀಕರ್ ಕಡೆ ಬಗ್ಗಿ. "ನಿಮ್ಮ ಪುಕ್ಕಟೆ ನಿಮ್ಮ ಹತ್ರಾನೇ ಇರ್ಲಿ. ಕೇಸು ನಡೀಲಿ. ಬಸವೇಶ, ನಂಬರ್ ಹಂಗೇ ಇರ್ಬೇಕು, ಕಂಪನಿ ಮಾತ್ರ ಬ್ಯಾಡ. ಅದೇನೋ ಮೆಸೇಜ್ ಕಳಿಸ್ತಾರಲ್ಲ, ಕಳ್ಸು."

ಬಸವೇಶ್ ಅವರ ಕೌಂಟರಿನ ಮೇಲೇ ಮೊಣಕೈ ಊರಿ ಪೋರ್ಟ್ ಮೆಸೇಜ್ ಒತ್ತಿದ. ಅವಳ ಹಿಂದೆ ವೀರಭದ್ರಯ್ಯ ಫೋನ್ ಚಾಚಿದ. ಅವನ ಹಿಂದೆ ಸಾಲು ಬಾಗಿಲಿಂದಾಚೆಗೂ ಬೆಳೆಯಿತು.

"ಹೊಸ ಕಂಪನಿಯವರೂ ಹಿಂಗೇ ಮಾಡಿದ್ರೆ?" ನಜ್ಮುನ್ನೀಸಾ ಕೇಳಿದಳು. ತಾನೂ ಸಾಲಿನಲ್ಲಿ ನಿಂತಿದ್ದಳು.

ಗಂಗಲಕ್ಷ್ಮಮ್ಮ ಕ್ಯಾಲೆಂಡರ್ ಸುತ್ತಿ ಕಂಕುಳಿಗೆ ಸೇರಿಸಿದಳು. ಇನ್ನೊಂದು ಕಂಕುಳಲ್ಲಿ ಮುಚ್ಚಳ ಇತ್ತು.

"ಬೊಟ್ಟು ಇಡ್ತಾನೇ ಇರ್ತೀನಲ್ಲ ಕಣಮ್ಮ," ಅಂದಳು. "ಅವರ ಅಂಗಡಿಗೂ ಹೋಗನ."