ಎಡಗಡೆಯ ಮುಂಚಕ್ರ

ನಡುರಾತ್ರಿ ಅಂಗಳದ ಕತ್ತಲಲ್ಲಿ ಕಿರ್ರೆಂದು ಒಂದು ಸದ್ದಾಯಿತು. ಇಲಿ ಕಿರುಗುಟ್ಟಿದಷ್ಟೇ ಸಣ್ಣದು. ಡೆನಿತ್ಸಾ ಸ್ಪ್ಯಾನರ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಮೇಲಿನ ಮನೆಗಳ ಕಿಟಕಿಗಳನ್ನು ನೋಡಿದಳು. ಯಾವುದರಲ್ಲೂ ದೀಪ ಹೊತ್ತಿಕೊಳ್ಳಲಿಲ್ಲ. ಮೊದಲನೆಯ ಬೋಲ್ಟ್ ಸಡಿಲವಾಗಿತ್ತು.

ಈ ಸದ್ದಿಗಾಗಿ ಅವಳು ಚಳಿಗಾಲವಿಡೀ ಕಾದಿದ್ದಳು. ಜಿಪುಣರ ಊರೆಂದೇ ಹೆಸರಾದ ಗಾಬ್ರೊವೊದಲ್ಲಿ ಔಷಧದಂಗಡಿ ನಡೆಸಿ, ಹೊಟ್ಟೆಬಟ್ಟೆ ಕಟ್ಟಿ ಕೊಂಡ ಹೊಸ ಕಾರು ಅದು. ಮೊದಲ ವರ್ಷವೇ ಗೇರ್‌ಬಾಕ್ಸ್ ಕೈಕೊಟ್ಟಿತು. ಷೋರೂಮಿನವರ ಸರ್ವಿಸ್ ಸೆಂಟರಿಗೆ ಎಷ್ಟು ಸಲ ಒಯ್ದರೂ ಬಿಚ್ಚುವರು, ಜೋಡಿಸುವರು, ಮತ್ತೆ ಅದೇ ಗೋಳು. ಕಡೆಯ ಸಲ ಶಿಪ್ಕಾ ಘಾಟಿಯ ಹಿಮದಲ್ಲಿ ಕಾರು ನಿಂತುಹೋದಾಗ ಹಿಂದಿನ ಸೀಟಿನಲ್ಲಿ ಅವಳ ತಾಯಿ ಇದ್ದಳು. ಮುದುಕಿ ಬದುಕಿಕೊಂಡಳು, ಆದರೆ ಚಳಿಗೆ ಮರಗಟ್ಟಿದ ಎರಡು ಕಾಲ್ಬೆರಳುಗಳನ್ನು ಆಸ್ಪತ್ರೆಯಲ್ಲಿ ತೆಗೆಯಬೇಕಾಯಿತು.

ಡೆನಿತ್ಸಾ ಷೋರೂಮಿಗೆ ಹೋಗಿ ಮೇಜು ಗುದ್ದಿದಾಗ ಮ್ಯಾನೇಜರ್ ಪ್ಲಾಮೆನ್ ಸೂರ್ಯಕಾಂತಿ ಬೀಜ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ.

"ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸಿದ್ರೆ ಗೇರ್‌ಬಾಕ್ಸ್ ಉಳಿಯತ್ತಾ ಮೇಡಂ? ವಾರಂಟಿ ಇರೋದು ಕಾರಿಗೆ, ನಿಮ್ಮ ಕಾಲಿಗಲ್ಲ."

"ನಮ್ಮಮ್ಮನ ಬೆರಳು ಹೋಯ್ತು ಕಣ್ರೀ!"

"ಅಯ್ಯೋ ಪಾಪ. ಅದಕ್ಕೆ ನಿಮ್ಮಂಗಡೀಲೇ ಮುಲಾಮು ಇರಬೇಕಲ್ಲ?"

ಆ ಮಾತು ಮುರಿದ ಮುಳ್ಳಿನ ಹಾಗೆ ಒಳಗೇ ಉಳಿಯಿತು. ದೂರು ಕೊಟ್ಟಳು, ದೂರು ಕೇಳಿದವರು ಅವನ ಮಾತನ್ನೇ ನಂಬಿದರು. ಗೇರ್‌ಬಾಕ್ಸಿನ ಹೊಟ್ಟೆಯೊಳಗಿನ ತಪ್ಪು ಯಾರ ಕಣ್ಣಿಗೂ ಕಾಣದು. ಕಾಣುವಂಥದ್ದೇನಾದರೂ ಆಗಬೇಕು, ನಡುರಸ್ತೆಯಲ್ಲಿ, ಹತ್ತು ಜನರೆದುರು. ಬರೀ ದುಡ್ಡು ವಾಪಸು ಬಂದರೆ ಸಾಲದು. ಪ್ಲಾಮೆನ್ ಜೈಲಿಗೆ ಹೋಗಬೇಕು.

ಅದು ನಿಶ್ಚಯವಾದ ಮೇಲೆ ಅವಳು ಶಾಂತಳಾದಳು. ಔಷಧ ಅಳೆಯುವ ಕೈ ಅವಳದು. ಒಂದು ಹನಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮುಂದಿನ ಎರಡೂ ಚಕ್ರಗಳ ಬ್ರೇಕ್ ಪ್ಯಾಡ್ ಬದಲಿಸಿ ಎಂದು ಕಾರನ್ನು ಅವನ ಬಳಿಯೇ ಬಿಟ್ಟಳು. ಪ್ಯಾಡ್ ಬದಲಿಸಲು ಚಕ್ರ ಕಳಚಲೇಬೇಕು. ಕಳಚಿದ್ದನ್ನು ಸರಿಯಾಗಿ ಬಿಗಿಯದೆ ಕಳಿಸಿದರು ಎಂದರೆ ಯಾರು ತಾನೇ ಅನುಮಾನಪಟ್ಟಾರು? ಸಂಜೆ ಕೇಳಿದಷ್ಟು ಕೊಟ್ಟು, ಮುಗುಳ್ನಕ್ಕು ಕಾರು ತಂದಳು. ರಾತ್ರಿ ಅಂಗಡಿಯ ತೆಳು ರಬ್ಬರ್ ಕೈಗವಸು ತೊಟ್ಟು, ಪುಟ್ಟ ಟಾರ್ಚನ್ನು ನೆಲದಲ್ಲಿಟ್ಟು ಎಡಗಡೆಯ ಮುಂಚಕ್ರದ ಮುಂದೆ ಕೂತಳು. ಬೋಲ್ಟ್‌ಗಳನ್ನು ಪೂರ್ತಿ ಬಿಚ್ಚಲಿಲ್ಲ. ಯಾಂತ್ರಾ ಹೊಳೆಯ ಸೇತುವೆ ಮುಟ್ಟುವಷ್ಟು ಉಳಿಸಿದಳು. ಅಲ್ಲಿ ಏರು, ಕಾರು ಎತ್ತಿನಗಾಡಿಯ ಹಾಗೆ ಹೋಗಬೇಕು. ಬೆಳಗ್ಗೆ ಅಲ್ಲಿ ಗಿಣ್ಣು ತುಂಬಿದ ಬಿಸಿ ಬನಿತ್ಸಾ ತಿನ್ನಲು ಜನ ಸಾಲು ನಿಂತಿರುತ್ತಾರೆ.

ಎಲ್ಲವೂ ಎಣಿಸಿದಂತೆಯೇ ನಡೆಯಿತು. ಸೇತುವೆಯ ಹತ್ತಿರ ಸ್ಟೀರಿಂಗ್ ನಡುಗಿತು, ಕಾರು ಎಡಕ್ಕೆ ಕುಸಿದು ಕೂತಿತು. ಚಕ್ರ ತನ್ನ ಪಾಡಿಗೆ ಉರುಳಿಕೊಂಡು ಹೋಗಿ ಬನಿತ್ಸಾ ಮಾರುವ ಗೂಡಂಗಡಿಗೆ ಒರಗಿ ನಿಂತಿತು. ಯಾರಿಗೂ ತರಚುಗಾಯ ಕೂಡ ಆಗಲಿಲ್ಲ.

"ಏನಮ್ಮಾ, ನಾಲ್ಕು ಚಕ್ರ ದುಂದು ಅಂತ ಮೂರರಲ್ಲೇ ಹೊರಟ್ಯಾ? ಅಪ್ಪಟ ನಮ್ಮೂರ ಹೆಣ್ಣು ಬಿಡು ನೀನು" ಎಂದ ಗೂಡಂಗಡಿಯ ಮುದುಕ ಕೋಲ್ಯೊ.

"ನಗಬೇಡ ಕೋಲ್ಯೊ ಮಾವ. ನಿನ್ನೆ ತಾನೇ ಆ ಷೋರೂಮಿನ ಕಟುಕರು ಇದನ್ನ ಬಿಚ್ಚಿ ಹಾಕಿದ್ದು!" ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಅವಳು ಅತ್ತಳು. ಅಳುವುದು ಅಷ್ಟೇನೂ ಕಷ್ಟವಾಗಲಿಲ್ಲ.

ಪೊಲೀಸರು ಕಾರನ್ನೂ ಚಕ್ರವನ್ನೂ ಒಯ್ದರು. ಜನರ ಜೀವಕ್ಕೆ ಕುತ್ತು ತಂದ ಆಪಾದನೆ ಪ್ಲಾಮೆನ್ ಮೇಲೆ ಬಿತ್ತು. ಕಾರಿನ ಪರೀಕ್ಷೆಯ ದಿನ ಠಾಣೆಯ ಅಂಗಳದಲ್ಲಿ ಅವನು ಟೋಪಿ ಕೈಯಲ್ಲಿ ಹಿಡಿದು, ಮುಖ ಬಿಳಿಚಿಕೊಂಡು ನಿಂತಿದ್ದ.

"ಜೈಲೂಟ ಹೊಟ್ಟೆಗೆ ಹಿಡಿಸ್ದೇ ಹೋದ್ರೆ ಹೇಳಿ ಕಳಿಸಿ, ಮಾತ್ರೆ ಕೊಡ್ತೀನಿ" ಎಂದಳು ಡೆನಿತ್ಸಾ, ಅವನಿಗೆ ಮಾತ್ರ ಕೇಳುವಂತೆ.

ಅವನು ಅವಳತ್ತ ನೋಡಲಿಲ್ಲ. ಇನ್ಸ್‌ಪೆಕ್ಟರ್ ತೊನೆವ್‌ನನ್ನು ನೋಡುತ್ತ ಹೇಳಿದ: "ನಾನು ಕಳ್ಳ ಸಾರ್, ಒಪ್ಕೋತೀನಿ. ಪ್ಯಾಡ್ ಹಾಕ್ದೇನೇ ದುಡ್ಡು ತಗೊಂಡೆ. ಕಾರು ಇಡೀ ದಿನ ಹಿತ್ತಲಲ್ಲಿ ನಿಂತಿತ್ತು, ಅಷ್ಟೇ. ಆ ಚಕ್ರಾನ ನಾವು ಮುಟ್ಟೇ ಇಲ್ಲ."

"ಸುಳ್ಳು!" ಎಂದಳು ಡೆನಿತ್ಸಾ. "ಇವ್ನು ಹೇಳೋದೆಲ್ಲ ಸುಳ್ಳು."

"ಇದೊಂದು ನಿಜ ಮೇಡಂ" ಎಂದ ತೊನೆವ್. ಎರಡೂ ಕಡೆ ಇದ್ದದ್ದು ಹಳೆಯ ಪ್ಯಾಡ್‌ಗಳೇ, ಸವೆದು ನಾಣ್ಯದಷ್ಟು ತೆಳ್ಳಗಾಗಿದ್ದವು. ಬಲಗಡೆಯ ಚಕ್ರವಂತೂ ಚಳಿಗಾಲದಲ್ಲಿ ರಸ್ತೆಗೆ ಸುರಿದ ಉಪ್ಪಿಗೆ ತುಕ್ಕು ಹಿಡಿದು ಅಂಟಿಕೊಂಡಿತ್ತು. ಇಬ್ಬರು ಸುತ್ತಿಗೆಯಿಂದ ಬಡಿದ ಮೇಲಷ್ಟೇ ಕಳಚಿತು. "ಅವ್ರು ಬಿಚ್ಚಿಲ್ಲ. ಹಾಗಾದ್ರೆ ಬಿಚ್ಚಿದ್ದು ಯಾರು? ಆ ರಾತ್ರಿ ಕಾರು ಎಲ್ಲಿತ್ತು?" ಪ್ಲಾಮೆನ್ನನ ಒಂದೊಂದು ಮಾತೂ ಸುಳ್ಳೆಂದು ತಿಳಿದಿದ್ದ ಅವಳು, ಚಕ್ರ ಕಳಚಿದರೆಂಬ ಈ ಒಂದನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದಳು. ಬೋಲ್ಟ್ ಬಿಚ್ಚಿದ್ದು ತಾನೇ ಎಂದು ಇವತ್ತಲ್ಲ ನಾಳೆ ಒಪ್ಪಿಕೊಳ್ಳಲೇಬೇಕು, ಅದು ಅವಳಿಗೆ ಗೊತ್ತಾಯಿತು. ಆದರೆ ಆ ರಾತ್ರಿ ಟಾರ್ಚಿನ ಬೆಳಕಿನಲ್ಲಿ, ಬೋಲ್ಟಿನಿಂದ ನಾಲ್ಕು ಬೆರಳಿನಾಚೆ, ಚಕ್ರದ ಸಂದಿಯಲ್ಲಿ ಆ ಸವೆದ ಪ್ಯಾಡ್ ಇತ್ತು, ಅವಳು ಅತ್ತ ನೋಡಿರಲೇ ಇಲ್ಲ. ಅವನನ್ನು ಮಣ್ಣುಮುಕ್ಕಿಸಲು ಅಷ್ಟೇ ಸಾಕಿತ್ತು. ಸ್ಪ್ಯಾನರ್ ಕೆಳಗಿಟ್ಟು ಬೆಳಗಾಗಲಿ ಎಂದು ಕಾದಿದ್ದರೆ ಆಗಿತ್ತು. ಇದನ್ನು ಮಾತ್ರ ವಕೀಲರಿಗೂ ಹೇಳಬಾರದು, ಅಮ್ಮನಿಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದು ಅವಳು ನಿರ್ಧರಿಸಿದಳು.