ಅಣ್ಣನ ಕೈ

ಅಣ್ಣನ ಕೈ ಕಂಡರೆ ತಮ್ಮನಿಗೆ ಮೈ ಮುಳ್ಳೇಳುತ್ತಿತ್ತು. ಉಗುರಿನ ಸಂದಿಯಲ್ಲಿ ಗ್ರೀಸು, ಮಣಿಕಟ್ಟಿನವರೆಗೆ ಸುಟ್ಟ ಆಯಿಲ್ಲು. ಅದೇ ಕೈಯಲ್ಲಿ ಬನ್ನು ಮುರಿದು ತಿನ್ನುವುದು, ಅದೇ ಕೈಯಲ್ಲಿ ಗಿರಾಕಿಯ ಬೆನ್ನು ತಟ್ಟುವುದು. ಸ್ಕ್ರೂಡ್ರೈವರಿನಲ್ಲಿ ಕಿವಿ ಕೆರೆದುಕೊಂಡು ಅದರ ತುದಿಯನ್ನು ಮೂಸಿ ನೋಡುವುದು ಬೇರೆ. ಅಪ್ಪ ಬಿಟ್ಟುಹೋದದ್ದು ಒಂದೇ ಗ್ಯಾರೇಜು, ಒಂದೇ ಮನೆ. ತಮ್ಮನಿಗೆ ಆ ಕೊಳೆಯಿಂದ ಬಿಡುಗಡೆಯೇ ಇರಲಿಲ್ಲ.

ಹೆಂಡತಿ ಮಾತ್ರ ಬಿಡಿಸಿಕೊಂಡಳು. "ನಿಮ್ಮಣ್ಣ ಕೈ ಒರೆಸಿ ಬಿಸಾಕಿದ ಟವೆಲ್ಲಲ್ಲಿ ಮಗು ಮುಖ ಒರೆಸಿದೀನಿ. ಸಾಕಾಗಿದೆ ನಂಗೆ," ಎಂದವಳೇ ಕೂಸನ್ನು ಎತ್ತಿಕೊಂಡು ತವರಿಗೆ ನಡೆದಳು. ಅವನು ಪಾಲು ಕೇಳಿದ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

"ಗ್ಯಾರೇಜನ್ನ ಗರಗಸದಲ್ಲಿ ಕೊಯ್ಯೋಣವೇನೋ, ಸಾಹೇಬ? ಯಾವ ಅರ್ಧ ಬೇಕು ನಿಂಗೆ?"

ನಗುವಾಗ ಹಾರಿದ ಎಂಜಲು ತಮ್ಮನ ಕೆನ್ನೆಯ ಮೇಲೆ ಬಿತ್ತು. ಅದನ್ನು ಒರೆಸಿಕೊಳ್ಳುತ್ತಿರುವಾಗಲೇ ಮನಸ್ಸು ಗಟ್ಟಿಯಾಯಿತು.

ಅಷ್ಟರಲ್ಲಿ ಹಳೇ ಗಿರಾಕಿ ಮೇಷ್ಟ್ರ ಕಾರು ರಿಪೇರಿಗೆ ಬಂತು. ಅದರ ಎಂಜಿನ್ ಕೆಟ್ಟು ಕೂತಿತ್ತು. ಇಳಿಸಿ ಬೇರೊಂದನ್ನು ಕೂರಿಸಬೇಕಿತ್ತು. ತೊಲೆಗೆ ಕಟ್ಟಿದ ರಾಟೆಯಿಂದ ಎಂಜಿನ್ ಎತ್ತುವಾಗ ಅಪ್ಪ ಬಲು ಕಟ್ಟುನಿಟ್ಟು. ಸರಪಳಿಯನ್ನು ಎಂಜಿನ್ನಿಗೆ ಬಿಗಿಯಲು ಅದಕ್ಕೆಂದೇ ತೆಗೆದಿಟ್ಟ ಉದ್ದನೆಯ ಉಕ್ಕಿನ ಬೋಲ್ಟೇ ಆಗಬೇಕು. ಮೊದಲು ತುಸುವೇ ಎತ್ತಿ ಭಾರ ಸಮವಾಗಿದೆಯೇ ನೋಡಬೇಕು. ತೂಗುವ ಎಂಜಿನ್ನಿನ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ಒಡ್ಡಲೇಬಾರದು. ಅಣ್ಣ ಇದನ್ನೆಲ್ಲ ಎಂದೋ ಗಾಳಿಗೆ ತೂರಿದ್ದ. ತುಕ್ಕಿನ ಡಬ್ಬಿಯಲ್ಲಿ ಕೈಗೆ ಸಿಕ್ಕಿದ ಬೋಲ್ಟು ಹಾಕುತ್ತಿದ್ದ. ಎಂಜಿನ್ ಎಲ್ಲಾದರೂ ಸಿಕ್ಕಿಕೊಂಡರೆ ಅದರಡಿ ತಲೆ ತೂರಿಸಿ, ಅಲ್ಲಾಡಿಸಿ ಬಿಡಿಸುತ್ತಿದ್ದ. ನೋಡಿದ ಗಿರಾಕಿಗಳೆಲ್ಲ ಬೈದಿದ್ದರು. ಬೀದಿ ತುಂಬ ಸಾಕ್ಷಿಗಳಿದ್ದರು ಎಂದಾಯಿತು.

ತಮ್ಮ ಏನನ್ನೂ ಕೊಯ್ಯಲಿಲ್ಲ, ಅರದಿಂದ ಉಜ್ಜಲಿಲ್ಲ. ಅಂಥ ಗುರುತು ಮಾತಾಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಬೆಳಗ್ಗೆ ಅಣ್ಣ ಬರುವ ಮೊದಲೇ ಅದೇ ಡಬ್ಬಿಯಿಂದ ಎರಡು ಗಿಡ್ಡ ಬೋಲ್ಟು ಆರಿಸಿದ. ಎರಡರದ್ದೂ ತಿರುಪಿನ ಥ್ರೆಡ್ಡು ಸವೆದಿತ್ತು. ನೋಡಿದರೆ ಬಿಗಿ, ಜಗ್ಗಿದರೆ ಕಿತ್ತುಬರುವಂಥವು. ಅವುಗಳಿಂದ ಸರಪಳಿ ಬಿಗಿದಿಟ್ಟ. ಕೊಳಕನೊಬ್ಬ ತನ್ನ ಕೊಳಕು ಕೆಲಸಕ್ಕೆ ಸಿಕ್ಕಿ ಸತ್ತ, ಜನ ಹೇಳಬೇಕಾದದ್ದು ಇಷ್ಟೇ. ಸರಪಳಿ ಕಟ್ಟಿದವರು ಯಾರೆಂದು ಅಣ್ಣನೊಬ್ಬನಿಗೇ ಗೊತ್ತಿರುತ್ತದೆ. ಅವನು ಹೇಳಲು ಉಳಿಯುವುದಿಲ್ಲ.

"ಆಗ್ಲೇ ಕಟ್ಟಿಟ್ಟಿದೀಯಾ? ಭೇಷ್!" ಅಣ್ಣ ಬಂದವನೇ ಎಂಜಿನ್ನಿನ ಬೆನ್ನಿಗೊಂದು ಏಟು ಕೊಟ್ಟು, ಬೋಲ್ಟುಗಳ ಕಡೆ ಕಣ್ಣೂ ಹಾಯಿಸದೆ ರಾಟೆಯ ಸರಪಳಿ ಎಳೆಯತೊಡಗಿದ. ಎಂಜಿನ್ ನರಳುತ್ತ ಮೇಲೆದ್ದು ಒಂದು ಕಡೆ ಸಿಕ್ಕಿಕೊಂಡಿತು. ಅದೇ ಹೊತ್ತಿಗೆ ಮೇಷ್ಟ್ರು ಬಂದರು.

"ಮೇಷ್ಟ್ರನ್ನ ಆ ಕಡೆ ಕೂರಿಸ್ಕೊಂಡು ಟೀ ಕುಡಿ, ಹೋಗು," ಎಂದ ಅಣ್ಣ. "ನೀನೂ ಇಲ್ಲಿ ನಿಲ್ಬೇಡ ಕಣೋ. ಏನಾದ್ರೂ ಜಾರಿದ್ರೆ ನಿನ್ ಕಾಲ್ಮೇಲೇ ಬೀಳೋದು."

ಆ ಅಕ್ಕರೆಯೂ ತಮ್ಮನಿಗೆ ಅಂಟಂಟಾಗಿಯೇ ಕಂಡಿತು.

ಟೀ ಗ್ಲಾಸು ತುಟಿಗಿಟ್ಟಿದ್ದನಷ್ಟೆ, ನೆಲ ನಡುಗಿತು. ಮೇಷ್ಟ್ರು ಓಡಿದರು, ಅವನೂ ಓಡಿದ. ಕಬ್ಬಿಣದ ಅಡಿಯಿಂದ ಒಂದು ಕರಿ ಕೈ ಹೊರಗೆ ಚಾಚಿಕೊಂಡಿತ್ತು, ಬೆರಳು ಇನ್ನೂ ಮಿಸುಕುತ್ತಿತ್ತು. ಮೇಷ್ಟ್ರು ಮಂಡಿಯೂರಿ ಅದನ್ನು ಹಿಡಿದುಕೊಂಡರು. ತಮ್ಮನಿಗೆ ಆಗಲೂ ಅದನ್ನು ಮುಟ್ಟಲಾಗಲಿಲ್ಲ.

ಇನ್ಸ್‌ಪೆಕ್ಟರಿಗೆ ನೆಗಡಿಯಾಗಿತ್ತು. ಮೂಗು ಏರಿಸುತ್ತಲೇ ಎಲ್ಲವನ್ನೂ ಕೇಳಿಸಿಕೊಂಡರು.

"ಇವತ್ತು ನಾನು ಆ ಸರಪಳಿ ಹತ್ರಾನೂ ಹೋಗಿಲ್ಲ ಸರ್. ಡಬ್ಬಿಯಿಂದ ಬೋಲ್ಟು ತೆಗ್ದಿದ್ದೂ ಅವನೇ, ಹಾಕಿದ್ದೂ ಅವನೇ. ಎಷ್ಟು ಹೇಳಿದ್ರೂ ಕೇಳ್ತಿರ್ಲಿಲ್ಲ," ಎಂದ ತಮ್ಮ.

"ಬಿದ್ದಾಗ ಇವ್ರು ನನ್ನ ಜೊತೆಗೇ ಇದ್ರು," ಎಂದರು ಮೇಷ್ಟ್ರು, ಕಣ್ಣೊರೆಸಿಕೊಳ್ಳುತ್ತ. ಬಾಗಿಲಲ್ಲಿ ನೆರೆದಿದ್ದವರು ತಲೆಯಾಡಿಸಿದರು. ಅವನ ಉಡಾಫೆಯೇ ಅವನನ್ನು ತಿಂದುಹಾಕಿತು ಎಂದು ಯಾರೋ ಅಂದದ್ದೂ ಕೇಳಿಸಿತು. ತಮ್ಮನ ಎದೆ ಹಗುರವಾಯಿತು.

ಇನ್ಸ್‌ಪೆಕ್ಟರ್ ಕುಕ್ಕರುಗಾಲಲ್ಲಿ ಕೂತು, ಸರಪಳಿಯ ತುದಿಗೆ ಅಂಟಿಕೊಂಡೇ ಬಂದಿದ್ದ ಬೋಲ್ಟುಗಳನ್ನು ಬೆಳಕಿಗೆ ಹಿಡಿದರು. ಆಮೇಲೆ ಡಬ್ಬಿಯೊಳಗೆ ಬೆರಳಾಡಿಸಿ, ಮೆತ್ತಿಕೊಂಡ ಕಪ್ಪನ್ನು ನೋಡಿಕೊಂಡರು. "ಡಬ್ಬಿ ತುಂಬಾ ಜಿಡ್ಡು. ನಿಮ್ಮಣ್ಣ ಮುಟ್ಟಿದ ಕಡೆಯೆಲ್ಲಾ ಬೆರಳಿನ ಕರಿ ಇದೆ," ಎಂದರು ನಿಧಾನಕ್ಕೆ, "ಸರಪಳಿ ಮೇಲೂ ಇದೆ, ಎಂಜಿನ್ ಮೇಲೂ ಇದೆ. ಮತ್ತೆ ಅವರೇ ಹಾಕಿದ ಬೋಲ್ಟು ಹೇಗ್ರೀ ಇಷ್ಟು ಕ್ಲೀನು?" ಬೆಳಗ್ಗೆ ಡಬ್ಬಿಗೆ ಕೈ ಹಾಕಿದಾಗ ತಮ್ಮ ಆ ಜಿಡ್ಡಿಗೆ ಹೇಸಿ, ಯಾವ ಯೋಚನೆಯೂ ಇಲ್ಲದೆ, ಅವೆರಡನ್ನೂ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿದ್ದ.